ಹರ್ಡಲ್ ತೆಗೆದರಂತೆ

‘ಮೇಲ್ಸೇತುವೆಗಿದ್ದ ಹರ್ಡಲ್ ರಿಮೂವ್ಡ್’ ಎಂಬಂಥ ಇಂಗ್ಲಿಷ್ ತಲೆಬರಹ ಕಂಡರೆ ಬೆಳಗಿನ ಕಾಫಿ ತುಸು ಕಹಿಯಾಗುತ್ತದೆ. ಹರ್ಡಲನ್ನು, ಅಂದರೆ ಓಟದ ಹಾದಿಯಲ್ಲಿ ಹಾರಿ ದಾಟಲು ಇಟ್ಟ ಅಡ್ಡಪಟ್ಟಿಯನ್ನು, ಯಾರಾದರೂ ತೆಗೆಯುತ್ತಾರೆಯೇ? ದಾಟುತ್ತಾರೆ. ತೆಗೆಯುವುದೇನಿದ್ದರೂ ಆಬ್ಸ್ಟಕಲ್ಲನ್ನು. ಕನ್ನಡದಲ್ಲಿ ಈ ತಾಪತ್ರಯವಿಲ್ಲ. ಎರಡಕ್ಕೂ ‘ಅಡಚಣೆ’ ಎಂದು ಕೈತೊಳೆದುಕೊಳ್ಳುತ್ತೇವೆ. ರಸ್ತೆ ಅಗೆದವರು ಕ್ಷಮೆ ಕೇಳುವುದೂ ಅದಕ್ಕೇ.

ಆಬ್ಸ್ಟಕಲ್ ಎಂದರೆ ಲ್ಯಾಟಿನ್ ಮೂಲದಲ್ಲಿ ಎದುರಿಗೆ ನಿಂತದ್ದು. ರಸ್ತೆಗೆ ಉರುಳಿದ ಮರ, ಕಡತದ ಮೇಲೆ ಕೂತ ಗುಮಾಸ್ತ. ಬಳಸಿಕೊಂಡು ಹೋಗಬಹುದು, ಎಳೆದು ಬದಿಗೆ ಹಾಕಬಹುದು. ಹರ್ಡಲ್ ದಾಟಲೆಂದೇ ಅಳೆದು ಇಟ್ಟದ್ದು, ಅದೂ ಸಾಲಾಗಿ. ‘ಮೊದಲ ಹರ್ಡಲಿಗೇ ಬಿದ್ದ’ ಎಂದರೆ ಮುಂದೆ ಇನ್ನೂ ಇದ್ದವು ಎಂದೇ ಅರ್ಥ.

ಆ ಅಳತೆಯನ್ನಾದರೂ ನೋಡಿ. ಗಂಡಸರ 110 ಮೀಟರ್ ಓಟಕ್ಕೆ ಹತ್ತು ಹರ್ಡಲ್, ಎತ್ತರ 106.7 ಸೆಂಟಿಮೀಟರ್. ಓಟ ಶುರುವಾಗುವ ಗೆರೆಯಿಂದ ಮೊದಲನೆಯದಕ್ಕೆ 13.72 ಮೀಟರ್, ಒಂದರಿಂದ ಇನ್ನೊಂದಕ್ಕೆ 9.14, ಕೊನೆಯದರಿಂದ ಗುರಿಗೆ 14.02. ಈ ಚಿಲ್ಲರೆಯೆಲ್ಲ ಗಜ-ಅಡಿಗಳ ಕಾಲದ್ದು. ಹರ್ಡಲಿನ ಪಾದಗಳು ಓಟಗಾರ ಬರುವ ದಿಕ್ಕಿಗೇ ಚಾಚಿರಬೇಕು. ಆಗ ಕಾಲು ತಗುಲಿದರೆ ಮುಂದಕ್ಕೆ ಮಗುಚುತ್ತದೆ. ತಿರುಗುಮುರುಗಾಗಿ ಇಟ್ಟರೆ ಮಗುಚುವುದಿಲ್ಲ, ಓಟಗಾರ ಮಗುಚುತ್ತಾನೆ. ಮೇಲಿನ ಪಟ್ಟಿಯ ನಡುವೆ ಕನಿಷ್ಠ 3.6 ಕಿಲೋ ಬಲ ಬಿದ್ದರೇ ಉರುಳಬೇಕೆಂಬುದು ನಿಯಮ. ಪಟ್ಟಿಯನ್ನು ಏರಿಸಿದರೆ ಪಾದದ ಮೇಲಿನ ತೂಕವನ್ನೂ ಹಿಂದಕ್ಕೆ ಸರಿಸಬೇಕು. ಮರೆತರೆ ಸಣ್ಣ ತಾಗುವಿಕೆಗೂ ಬೀಳುತ್ತದೆ. ಕಾಲು ತಗುಲಿ ಬಿದ್ದರೆ ತಪ್ಪಲ್ಲ. ಬೇಕೆಂದೇ ಕೈಯಲ್ಲಿ ತಳ್ಳಿದರೆ, ಅಂದರೆ ‘ರಿಮೂವ್’ ಮಾಡಿದರೆ, ಓಟಗಾರನೇ ಹೊರಕ್ಕೆ. ತಲೆಬರಹ ಬರೆಯುವವರಿಗೆ ಇಷ್ಟು ಹೇಳಿದರೆ ಸಾಕಿತ್ತು.

ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ ಗೆದ್ದರು. 76.2 ಸೆಂಟಿಮೀಟರಿನ ಹತ್ತು, 35 ಮೀಟರಿಗೊಂದು. ಒಂದನ್ನೂ ತೆಗೆಸಲಿಲ್ಲ.

ಪದದ ಹುಟ್ಟನ್ನು ಕೆದಕಬಾರದಿತ್ತು. ಹರ್ಡಲ್ ಮೂಲತಃ ಓಟದ್ದಲ್ಲ, ಇಂಗ್ಲೆಂಡಿನ ಕುರುಬರದು: ಹೇಜಲ್, ವಿಲ್ಲೋ ಕಡ್ಡಿಗಳಿಂದ ಹೆಣೆದ, ನಮ್ಮ ತಡಿಕೆಯಂಥ ವಸ್ತು. ನಾಲ್ಕಾರು ನಿಲ್ಲಿಸಿ ಕಟ್ಟಿದರೆ ಕುರಿದೊಡ್ಡಿ. ಈ ತುಂಡು ನೆಲದ ಮೇವು ಮುಗಿಯಿತೆಂದರೆ ಕಿತ್ತು, ಹೊತ್ತು, ಪಕ್ಕದ ತುಂಡಿನಲ್ಲಿ ನೆಡುವುದು. ಹಾಗೆ ನೋಡಿದರೆ ಹರ್ಡಲ್ ತೆಗೆಯುವುದೇ ಕುರುಬನ ಕಸುಬು. ಈ ಮಾತನ್ನು ಬೇಗ ದಾಟೋಣ.

ನಿಘಂಟುಗಳು ಬೇರೆ ‘ಓವರ್‌ಕಮ್’ ಕ್ರಿಯಾಪದವನ್ನು ಎರಡಕ್ಕೂ ಧಾರಾಳವಾಗಿ ಹಂಚಿವೆ; ನ್ಯಾಯ ಕೇಳಲು ಅಲ್ಲಿಗೆ ಹೋಗಿ ಪ್ರಯೋಜನವಿಲ್ಲ. ಮೈದಾನವೇ ವಾಸಿ. ಎಂಟು ಲೇನು, ಲೇನಿಗೆ ಹತ್ತರಂತೆ ಎಂಬತ್ತು ಹರ್ಡಲ್. ಮುಂದಿನದು ಬರೀ ಓಟವಾದರೆ ಹುಡುಗರು ಬಂದು ಎಂಬತ್ತನ್ನೂ ಎತ್ತಿ ಗಾಡಿಗೆ ಪೇರಿಸಬೇಕು. ಅಲ್ಲಿಯವರೆಗೆ ಯಾರೂ ಓಡುವಂತಿಲ್ಲ.